ಸೆರಾಮಿಕ್ ಕೋಟಿಂಗ್‌ಗೆ ಮುನ್ನ ಪೇಂಟ್ ಹದ ಮಾಡುವುದು ಹೇಗೆ?

ಪ್ರಶ್ನೆ: ನನ್ನದು ಮೂರು ವರ್ಷ ಹಳೆಯ ಕಪ್ಪು ಕಾರು. ಸೆರಾಮಿಕ್ ಕೋಟಿಂಗ್ ಕಿಟ್ ತರಿಸಿದ್ದೇನೆ, ನಾನೇ ಹಚ್ಚುವ ಯೋಚನೆ. ಕಿಟ್ ಜೊತೆ ಬಂದ ಚೀಟಿಯಲ್ಲಿ ‘ಪೇಂಟ್ ಸ್ವಚ್ಛವಾಗಿರಲಿ’ ಎಂದು ಒಂದೇ ಸಾಲು ಇದೆ. ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೆರೆಗಳು. ಚೆನ್ನಾಗಿ ತೊಳೆದು ಹಚ್ಚಿದರೆ ಸಾಲದೆ? ಕ್ಲೇ (ಪೇಂಟ್‌ಗೆ ಕಚ್ಚಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ), ಪಾಲಿಷ್ ಎಲ್ಲ ಬೇಕೇ ಬೇಕೆ? ಜಿಡ್ಡು ತೆಗೆಯುವ ಆಲ್ಕೊಹಾಲ್, ಅದೇ ಐಪಿಎ, ಎಷ್ಟು ಬೆರೆಸಬೇಕು? ಎಡಬದಿಯ ಹಿಂದಿನ ಬಾಗಿಲಿಗೆ ಒಂದು ತಿಂಗಳ ಹಿಂದೆ ಹೊಸ ಪೇಂಟ್ ಹೊಡೆಸಿದ್ದೇನೆ. ಅದಕ್ಕೂ ಹಚ್ಚಬಹುದೆ?

ಉತ್ತರ: ಬರೀ ತೊಳೆದು ಹಚ್ಚಿದರೂ ಕೋಟಿಂಗ್ ಹೊಳೆಯುತ್ತದೆ. ಮೊದಲ ಮಳೆಗೆ ನೀರು ಮಣಿಮಣಿಯಾಗಿ ಉರುಳಿಯೂ ಹೋಗುತ್ತದೆ. ಮೋಸ ತಿಳಿಯುವುದು ಕೆಲವು ವಾರ ಕಳೆದ ಮೇಲೆ, ಒಂದು ಕಡೆ ನೀರು ಉರುಳಿ ಇನ್ನೊಂದು ಕಡೆ ಹಾಗೇ ಅಂಟಿಕೊಂಡು ನಿಂತಾಗ.

ಈ ಲೇಪನ ಒಣಗಿದ ಮೇಲೆ ಉಳಿಯುವ ದಪ್ಪ ಹೆಚ್ಚುಕಡಿಮೆ ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಅಂದಾಜು ಸಿಗಬಹುದು. ಇಷ್ಟು ತೆಳುವಾದ, ಆರಪಾರ ಕಾಣುವ ಪದರ ಯಾವ ಗೀರನ್ನೂ ತುಂಬುವುದಿಲ್ಲ, ಯಾವ ಕಲೆಯನ್ನೂ ಮುಚ್ಚುವುದಿಲ್ಲ. ಕೆಳಗೆ ಏನಿದೆಯೋ ಅದಕ್ಕೆ ಫೋಟೋಗೆ ಕಟ್ಟು ಹಾಕಿಸಿದ ಹಾಗೆ ಗಾಜು ಕೂರಿಸುತ್ತದೆ. ಆಮೇಲೆ ಆ ಗೀರು ತೆಗೆಯಬೇಕೆಂದರೆ ಕೋಟಿಂಗನ್ನೇ ಉಜ್ಜಿ ತೆಗೆಯಬೇಕು.

ಹಿಡಿತದ ವಿಚಾರ ಇನ್ನೂ ಮುಖ್ಯ. ಬಾಟಲಿಯೊಳಗಿರುವುದು ಸಿಲಿಕಾನ್ ಆಧಾರದ ರಾಳ. ಗಾಳಿಯ ತೇವ ತಾಗಿದಾಗ ಅದು ಗಟ್ಟಿಯಾಗುತ್ತ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪೇಂಟ್ ಪದರದ ಮೇಲ್ಮೈಯನ್ನು ಕಚ್ಚಿಕೊಳ್ಳುತ್ತದೆ. ಅದು ಕಚ್ಚಿಕೊಳ್ಳಬೇಕಾದರೆ ಕ್ಲಿಯರ್ ಕೋಟನ್ನೇ ನೇರವಾಗಿ ಮುಟ್ಟಬೇಕು. ನಡುವೆ ಮೇಣವೋ ಪಾಲಿಷ್ ಎಣ್ಣೆಯೋ ಇದ್ದರೆ ಅದನ್ನು ಹಿಡಿದುಕೊಳ್ಳುತ್ತದೆ, ಅದು ಕಳಚಿದ ದಿನ ಇದೂ ಕಳಚುತ್ತದೆ. ಆದ್ದರಿಂದ ನಿಮ್ಮ ಕೆಲಸದಲ್ಲಿ ಕೋಟಿಂಗ್ ಹಚ್ಚುವುದು ಎರಡು ಮೂರು ಗಂಟೆ, ಉಳಿದದ್ದೆಲ್ಲ ತಯಾರಿ. ಒಬ್ಬರೇ ಮಾಡುವುದಾದರೆ ಪೂರ್ತಿ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ತೊಳೆಯುವುದರಿಂದ ಪಾಲಿಷ್‌ವರೆಗೆ, ಎರಡನೆಯ ದಿನ ಜಿಡ್ಡು ತೆಗೆದು ಲೇಪನ.

ಬಾಗಿಲಿನ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಈ ಸಲ ಆ ಬಾಗಿಲನ್ನು ಬಿಡಿ. ಕಾರ್ಖಾನೆಯಲ್ಲಿ ಪೇಂಟ್ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ವರ್ಕ್‌ಶಾಪಿನಲ್ಲಿ ಹೊಡೆದದ್ದು ಹೆಚ್ಚೆಂದರೆ 60 ಡಿಗ್ರಿ ಆಸುಪಾಸಿನಲ್ಲಿ ಒಣಗಿರುತ್ತದೆ, ಕೆಲವು ಸಲ ಬರೀ ಗಾಳಿಗೆ. ಮೇಲೆ ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಒಳಗಿನ ದ್ರಾವಕ ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ. ಅದರ ಮೇಲೆ ಬಿಗಿಯಾದ ಪದರ ಕೂರಿಸಿದರೆ ಪೇಂಟ್ ಮೆತ್ತಗೆ ಉಳಿಯಬಹುದು, ಮಂಕಾಗಬಹುದು, ಸಣ್ಣ ಗುಳ್ಳೆ ಏಳಬಹುದು. ಸಾಮಾನ್ಯವಾಗಿ 30ರಿಂದ 90 ದಿನ ಕಾಯಿರಿ ಎನ್ನುತ್ತಾರೆ. ಹೇಗೆ ಒಣಗಿಸಿದರು ಎಂಬುದು ಗೊತ್ತಿಲ್ಲದಿದ್ದರೆ 90 ದಿನವೇ ಕ್ಷೇಮ. ಅಲ್ಲಿಯವರೆಗೆ ಅದಕ್ಕೆ ಮೇಣವನ್ನೂ ಹಚ್ಚಬೇಡಿ.

ತೊಳೆತ

ಕೊಳೆಗಳಲ್ಲಿ ನಾಲ್ಕೈದು ಜಾತಿ ಇವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಸಡಿಲ ಧೂಳಿಗೆ ನೀರು ಮತ್ತು ಶಾಂಪೂ, ಟಾರಿಗೆ ದ್ರಾವಕ, ಕಬ್ಬಿಣದ ಕಣಕ್ಕೆ ಐರನ್ ರಿಮೂವರ್, ಗಡಸು ನೀರಿನ ಕಲೆಗೆ ಆಮ್ಲ, ಇವುಗಳಿಗೆಲ್ಲ ಜಗ್ಗದೆ ಕೂತದ್ದಕ್ಕೆ ಕ್ಲೇ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ, ರಾಸಾಯನಿಕ ಸುಲಭವಾಗಿ ಕರಗಿಸಬಹುದಾಗಿದ್ದ ಕಣವನ್ನು ಕ್ಲೇಯಿಂದ ಪೇಂಟ್ ಮೇಲೆಲ್ಲ ಎಳೆದಾಡಿ ಹೊಸ ಗೀರು ಮಾಡಿದಂತಾಗುತ್ತದೆ.

ನೆರಳಿನಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ ಶುರು ಮಾಡಿ. ಮೊದಲು ಬರೀ ನೀರು ಹೊಡೆದು ಮರಳು, ಕೆಸರು ಇಳಿಸಿ. ಚಕ್ರಗಳನ್ನು ಮೊದಲೇ, ಬೇರೆ ಬಕೆಟ್, ಬೇರೆ ಬ್ರಷ್‌ನಲ್ಲಿ ಮುಗಿಸಿಕೊಳ್ಳಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಎರಡರ ತಳದಲ್ಲೂ ಜಾಲರಿ. ಮೈಕ್ರೋಫೈಬರ್ ಗವುಸನ್ನು ಒಂದೊಂದು ಭಾಗ ಮುಗಿದಾಗಲೂ ನೀರಿನ ಬಕೆಟ್‌ನಲ್ಲಿ ಜಾಲರಿಗೆ ಉಜ್ಜಿ ತೊಳೆದು, ಮತ್ತೆ ಶಾಂಪೂವಿಗೆ ಅದ್ದಿ. ರೂಫ್‌ನಿಂದ ಕೆಳಗಿಳಿಯುತ್ತ ಬನ್ನಿ. ಬಾಗಿಲ ಕೆಳಭಾಗ, ಬಂಪರ್ ಕೊನೆಗೆ. ನಿಮ್ಮ ಬಾನೆಟ್ ಮೇಲಿನ ಜೇಡರ ಬಲೆ ಹುಟ್ಟಿದ್ದೇ ಒಂದೇ ಬಕೆಟ್ಟಿನ ಮರಳುನೀರಿನಿಂದ ಅಥವಾ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರಿಂದ ಇದ್ದೀತು.

‘ವಾಷ್ ಆ್ಯಂಡ್ ವ್ಯಾಕ್ಸ್’ ಥರದ ಶಾಂಪೂ ಈ ದಿನ ಬೇಡ, ಅದು ಒಂದು ಕಡೆ ತೆಗೆದು ಇನ್ನೊಂದು ಕಡೆ ಮೇಣ ಮೆತ್ತುತ್ತದೆ. ಹಳೆಯ ಮೇಣ ಬಿಡಿಸಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಅದರಿಂದ ಗವುಸು ಜಾರುವುದು ಕಡಿಮೆ, ರಬ್ಬರ್ ಬೀಡಿಂಗ್‌ಗೂ ಒಳ್ಳೆಯದಲ್ಲ. ಮುಂದೆ ಹೇಗೂ ಪಾಲಿಷ್ ಮಾಡುವವರಿಗೆ ಅದರ ಅಗತ್ಯವೂ ಇಲ್ಲ, ಪಾಲಿಷ್ ಯಂತ್ರದ ಪ್ಯಾಡೇ ಮೇಣವನ್ನು ಕೆರೆದು ತೆಗೆಯುತ್ತದೆ.

ಟಾರ್, ಕಬ್ಬಿಣ, ನೀರಿನ ಕಲೆ

ಚಕ್ರದ ಹಿಂದೆ, ಬಾಗಿಲ ಕೆಳಗೆ ಕಪ್ಪು ಚುಕ್ಕೆಗಳಿರುತ್ತವೆ. ಕಪ್ಪು ಕಾರಿನಲ್ಲಿ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತವೆ. ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ಚುಕ್ಕೆಯ ಮೇಲೆ ಒಂದು ನಿಮಿಷ ಒತ್ತಿಹಿಡಿದು ಒರೆಸಿ. ಕರಗುವ ಮುನ್ನ ತಿಕ್ಕಬೇಡಿ, ಅದರೊಳಗೆ ಕಲ್ಲಿನ ಪುಡಿ ಇರುತ್ತದೆ. ಹೊಸ ಪೇಂಟಿನ ಬಾಗಿಲಿಗೆ ಇದನ್ನು ಮುಟ್ಟಿಸಲೇಬೇಡಿ.

ಮುಂದಿನದು ಐರನ್ ರಿಮೂವರ್. ಬ್ರೇಕ್ ಸವೆದಾಗ ಏಳುವ ಬಿಸಿ ಕಬ್ಬಿಣದ ಪುಡಿ ಪೇಂಟ್ ಮೇಲೆ ಬಿದ್ದು, ಅಲ್ಲೇ ಕಚ್ಚಿಕೊಂಡು ತುಕ್ಕು ಹಿಡಿಯುತ್ತದೆ. ಈ ದ್ರಾವಣದಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದ ಜೊತೆ ಸೇರಿ ನೀರಿನಲ್ಲಿ ಕರಗುವ ನೇರಳೆ ಬಣ್ಣದ ಸಂಯುಕ್ತವಾಗುತ್ತದೆ. ಬಿಳಿ ಕಾರಿನಲ್ಲಿ ರಕ್ತ ಸುರಿದಂತೆ ಕಾಣುವ ಇದು ಕಪ್ಪು ಕಾರಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಕೆಲಸ ಮಾಡಲಿಲ್ಲ ಎಂದುಕೊಳ್ಳದೆ ನೆಲಕ್ಕೆ ಹರಿದ ನೀರಿನ ಬಣ್ಣ ನೋಡಿ. ಮಧ್ಯಮ ಗಾತ್ರದ ಕಾರಿಗೆ ಸುಮಾರು 500 ಮಿ.ಲೀ. ಬೇಕು. ಸಿಂಪಡಿಸಿ ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಒಣಗಿದರೆ ಅದೇ ಒಂದು ಕಲೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಳಿಯಾಡುವ ಕಡೆ ಕೈಗವುಸು ಹಾಕಿಕೊಂಡೇ ಮಾಡಿ.

ಬಿಳಿ ಉಂಗುರದಂಥ ನೀರಿನ ಕಲೆಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ಶಾಂಪೂವಿಗೂ ಕ್ಲೇಗೂ ಅವು ಪೂರ್ತಿ ಬಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಸಮ ಪ್ರಮಾಣದ ಬಟ್ಟಿ ಇಳಿಸಿದ ನೀರು ಬೆರೆಸಿ, ಬಟ್ಟೆ ನೆನೆಸಿ ಕಲೆಯ ಮೇಲೆ ಒಂದೆರಡು ನಿಮಿಷ ಹರಡಿ, ತೊಳೆಯಿರಿ. ಲವಣ ಕರಗಿದ ಮೇಲೂ ಉಂಗುರ ಉಳಿದರೆ ಅದು ಕಲೆಯಲ್ಲ, ಪೇಂಟ್‌ನಲ್ಲಿ ಬಿದ್ದ ತಗ್ಗು. ಅದಕ್ಕೆ ಪಾಲಿಷ್ ಒಂದೇ ದಾರಿ, ಆಳವಾಗಿದ್ದರೆ ಅದೂ ಅಲ್ಲ.

ಕ್ಲೇ ಬೇಕೆ?

ತೆಳು ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಒದ್ದೆ ಪೇಂಟ್ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ನುಣುಪು ಅನ್ನಿಸಿದ್ದು ಈಗ ಉಪ್ಪುಕಾಗದದ ಹಾಗೆ ತರಿತರಿ ಎನ್ನುತ್ತದೆ. ಎಲ್ಲಿ ತರಿ ಇದೆಯೋ ಅಲ್ಲಿ ಮಾತ್ರ ಕ್ಲೇ ಬೇಕು. ಸಾಮಾನ್ಯವಾಗಿ ಬಾನೆಟ್, ರೂಫ್, ಡಿಕ್ಕಿಯ ಮೇಲ್ಭಾಗಕ್ಕೆ ಬೇಕಾಗುತ್ತದೆ, ಬಾಗಿಲುಗಳ ಮೇಲರ್ಧಕ್ಕೆ ಅನೇಕ ಸಲ ಬೇಡವೇ ಬೇಡ.

ನಯವಾದ ಶ್ರೇಣಿಯ ಕ್ಲೇ ತೆಗೆದುಕೊಳ್ಳಿ. 40-50 ಗ್ರಾಂ ತುಂಡನ್ನು ಅಂಗೈಯಷ್ಟಗಲ ತಟ್ಟಿ, ಲೂಬ್ರಿಕೆಂಟ್ ಧಾರಾಳ ಸಿಂಪಡಿಸಿ, ಭಾರ ಹಾಕದೆ ನೇರ ಗೆರೆಯಲ್ಲಿ ಜಾರಿಸಿ. ಕರಕರ ಸದ್ದು ನಿಂತು ಮೌನವಾಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಅರ್ಧ ಮೀಟರ್ ಚೌಕಕ್ಕೊಮ್ಮೆ ಕ್ಲೇ ತಿರುಗಿಸಿ ನೋಡಿ, ಕೊಳಕಾದ ಮುಖವನ್ನು ಒಳಕ್ಕೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದ ಕ್ಲೇ ಎಷ್ಟೇ ಹೊಸದಾದರೂ ಬಿಸಾಡಬೇಕು, ಅದಕ್ಕೆ ಅಂಟಿದ ಒಂದು ಮರಳುಕಣ ಸಾಕು.

ಕಪ್ಪು ಕಾರಿನವರು ನೆನಪಿಡಬೇಕಾದ ಮಾತು: ಕ್ಲೇ ಎಷ್ಟು ಹುಷಾರಾಗಿ ಆಡಿಸಿದರೂ ಮಸುಕು ಗೆರೆಗಳನ್ನು ಬಿಡುತ್ತದೆ. ಆದ್ದರಿಂದ ಕ್ಲೇ ಮಾಡಿ ಪಾಲಿಷ್ ಬಿಡುವುದು ಸಲ್ಲದು. ಪಾಲಿಷ್ ಮಾಡುವ ಮನಸ್ಸಿಲ್ಲದಿದ್ದರೆ ಕ್ಲೇಯನ್ನೂ ಬಿಟ್ಟು ರಾಸಾಯನಿಕಗಳಲ್ಲೇ ನಿಲ್ಲಿಸಿ.

ಪಾಲಿಷ್: ಎಷ್ಟು ಬೇಕೋ ಅಷ್ಟೇ

ಪಾಲಿಷ್ ಎಂದರೆ ಹೊಳಪು ಹಚ್ಚುವುದಲ್ಲ, ಸವೆಸುವುದು. ಗೀರಿನ ತಳಕ್ಕೆ ಸಮವಾಗುವಷ್ಟು ಸುತ್ತಲಿನ ಕ್ಲಿಯರ್ ಕೋಟನ್ನು ಇಳಿಸುತ್ತೀರಿ. ಕಾರ್ಖಾನೆಯ ಪೇಂಟ್ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮಾತ್ರ. ನಯವಾದ ಪಾಲಿಷ್ ಒಂದು ಮೈಕ್ರಾನ್‌ನಷ್ಟೋ ಅದಕ್ಕಿಂತ ಕಡಿಮೆಯೋ ತೆಗೆಯುತ್ತದೆ, ಗಡಸು ಪ್ಯಾಡ್ ಜೊತೆ ಕಾಂಪೌಂಡ್ (ಹೆಚ್ಚು ಸವೆಸುವ ಒರಟು ಪಾಲಿಷ್) ಎರಡು ಮೂರು ಮೈಕ್ರಾನ್ ತೆಗೆದೀತು. ಕೇಳಲು ಕಡಿಮೆ, ಆದರೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣ ಕಾಯುವುದು ಇದೇ ಪದರ. ಕಾರು ಇರುವಷ್ಟು ವರ್ಷವೂ ಇದೇ ದಪ್ಪದಲ್ಲಿ ಸುಧಾರಿಸಬೇಕು.

ಪೇಂಟ್ ದಪ್ಪ ಅಳೆಯುವ ಮೀಟರ್ ಎರವಲು ಸಿಕ್ಕರೂ ತಂದು ಪ್ರತಿ ಭಾಗದಲ್ಲಿ ಐದಾರು ಕಡೆ ಇಟ್ಟು ನೋಡಿ. 80 ಮೈಕ್ರಾನ್‌ಗಿಂತ ಕಡಿಮೆ ತೋರಿಸಿದರೆ ಆ ಜಾಗಕ್ಕೆ ಕಾಂಪೌಂಡ್ ತೋರಿಸಬೇಡಿ. 200 ದಾಟಿದರೆ ಮರುಪೇಂಟ್ ಇದ್ದೀತು, ಇನ್ನೂ ಎಷ್ಟೋ ಮೇಲೆ ಹೋದರೆ ಕೆಳಗೆ ಪುಟ್ಟಿ. ಲೋಹದ ಮೇಲೆ ಅಳೆಯುವ ಸಾಮಾನ್ಯ ಮೀಟರ್ ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡುವುದಿಲ್ಲ. ಅಲ್ಲಿ ಸುಮ್ಮನೆ ನಯ ಪಾಲಿಷ್‌ಗೇ ನಿಲ್ಲಿಸುವುದು ಲೇಸು.

ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಷ್‌ನಿಂದ ಹೋಗುವ ಆಸೆ ಬಿಡಿ. ನಿಮ್ಮ ಬಾನೆಟ್ ಮೇಲಿನ ಬಲೆ ಅಂಥದ್ದಲ್ಲ. ಅಂದ ಹಾಗೆ, ಅವು ಸುತ್ತುಸುತ್ತಾಗಿ ಕಾಣುತ್ತವೆಯಾದರೂ ಗೀರುಗಳು ಸುತ್ತಾಗಿರುವುದಿಲ್ಲ. ಎಲ್ಲ ದಿಕ್ಕಿಗೂ ಇರುವ ಸಾವಿರಾರು ನೇರ ಗೀರುಗಳಲ್ಲಿ ಬೆಳಕಿನ ಪ್ರತಿಬಿಂಬಕ್ಕೆ ಅಡ್ಡಲಾಗಿರುವವು ಮಾತ್ರ ಮಿನುಗುವುದರಿಂದ ಸೂರ್ಯನ ಸುತ್ತ ಬಲೆ ನೇಯ್ದಂತೆ ತೋರುತ್ತದೆ. ತಲೆ ಸರಿಸಿದರೆ ಬಲೆಯೂ ಸರಿಯುತ್ತದೆ. ಹಾಗಾಗಿ ಪಾಲಿಷ್ ಮಾಡುವಾಗ ಒಂದೇ ಕೋನದಿಂದ ನೋಡಿ ಸಮಾಧಾನಪಡಬಾರದು. ಒಂದು ಎಲ್‌ಇಡಿ ಟಾರ್ಚ್ ಕೈಯಲ್ಲಿರಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಈ ಗೀರುಗಳು ಅಡಗಿಬಿಡುತ್ತವೆ.

ಯಂತ್ರ ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್ ಪಾಲಿಷರ್ ಇರಲಿ. ಬರೀ ಗಿರಗಿರ ತಿರುಗುವ ರೋಟರಿ ವೇಗವಾಗಿ ಕೆಲಸ ಮಾಡುತ್ತದೆ, ಪಳಗದ ಕೈಯಲ್ಲಿ ಅಷ್ಟೇ ವೇಗವಾಗಿ ಅಂಚು ಸುಡುತ್ತದೆ, ಕಪ್ಪು ಪೇಂಟ್ ಮೇಲೆ ಹಾಲೋಗ್ರಾಂ ಗೆರೆ ಬಿಡುತ್ತದೆ. ಐದು ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಕೂರಿಸುವ ತಟ್ಟೆ), ಐದೂವರೆ ಇಂಚಿನ ಫೋಮ್ ಪ್ಯಾಡ್‌ಗಳು: ಮಧ್ಯಮ ಗಡಸಿನವು ನಾಲ್ಕು, ಮೆತ್ತನೆಯವು ಎರಡು. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮುಗಿಸಲು ಹೊರಟವರ ಕಾರಿನಲ್ಲಿ ಕೊನೆಯ ಬಾಗಿಲು ಮೊದಲ ಬಾಗಿಲಿನಂತೆ ಬರುವುದಿಲ್ಲ. ನೆನೆದು ಸೊರಗಿದ ಫೋಮ್‌ಗೆ ಕಸುವಿರುವುದಿಲ್ಲ.

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್, ಲಾಂಛನ, ಬಾನೆಟ್‌ನ ಚೂಪು ಅಂಚು ಇವಿಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲಿಯೇ ಕೂಡುತ್ತದೆ. ಹೊಸ ಪೇಂಟಿನ ಬಾಗಿಲನ್ನು ಟೇಪ್ ಹಾಕಿ ಮುಚ್ಚಬೇಡಿ, ಅಂಟು ಗುರುತು ಉಳಿದೀತು. ಪಕ್ಕದ ಬಾಗಿಲು ಮಾಡುವಾಗ ಸಂದಿಯ ತನಕ ಮೆತ್ತನೆಯ ಬಟ್ಟೆ ಇಳಿಬಿಟ್ಟುಕೊಂಡರೆ ಸಾಕು.

ಬಾನೆಟ್‌ನಲ್ಲಿ 50 ಸೆಂ.ಮೀ. ಚೌಕವೊಂದನ್ನು ಗುರುತು ಮಾಡಿಕೊಂಡು ಅಲ್ಲಿ ಪರೀಕ್ಷೆ ಮಾಡಿ. ಅತಿ ಸೌಮ್ಯವಾದ ಜೋಡಿಯಿಂದ, ಅಂದರೆ ಮೆತ್ತನೆ ಪ್ಯಾಡ್, ನಯ ಪಾಲಿಷ್‌ನಿಂದ ಶುರು. ಸಾಲದಿದ್ದರೆ ಪ್ಯಾಡ್ ಬದಲಿಸಿ ಮಧ್ಯಮದ್ದು, ಆಗಲೂ ಸಾಲದಿದ್ದರೆ ಮಾತ್ರ ಕಾಂಪೌಂಡ್. ನೂರಕ್ಕೆ ಎಂಬತ್ತು ಗೆರೆ ಹೋದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಇಪ್ಪತ್ತರ ಬೆನ್ನು ಹತ್ತುವುದಕ್ಕೆ ಮೊದಲ ಎಂಬತ್ತಕ್ಕಿಂತ ಹೆಚ್ಚು ಕ್ಲಿಯರ್ ಕೋಟ್ ತೆರಬೇಕಾಗುತ್ತದೆ, ದಿನನಿತ್ಯ ಓಡುವ ಕಾರಿಗೆ ಅದು ಲಾಭದ ವ್ಯಾಪಾರವಲ್ಲ. ಪರೀಕ್ಷೆಯ ಚೌಕವನ್ನು ಕೆಳಗೆ ಹೇಳುವ ಐಪಿಎಯಿಂದ ಒರೆಸಿಯೇ ತೀರ್ಮಾನಕ್ಕೆ ಬನ್ನಿ. ಪಾಲಿಷ್‌ನಲ್ಲಿರುವ ಎಣ್ಣೆ ಗೀರಿನೊಳಗೆ ಕೂತು ಅದನ್ನು ಮರೆಮಾಚಿರುತ್ತದೆ. ಒರೆಸಿದೊಡನೆ ‘ಹೋಗಿದ್ದ’ ಗೆರೆ ವಾಪಸು ಬರುವುದು ಇದರಿಂದಲೇ.

ಕೆಲಸದ ವಿಧಾನ ಹೀಗೆ. ಹೊಸ ಪ್ಯಾಡಿಗೆ ಮೊದಲ ಸಲ ಮಾತ್ರ ಬೆರಳಿನಿಂದ ಇಡೀ ಮುಖಕ್ಕೆ ತೆಳುವಾಗಿ ಪಾಲಿಷ್ ಸವರಿ, ಆಮೇಲೆ ಪ್ರತಿ ಚೌಕಕ್ಕೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು. ಯಂತ್ರ ಆಫ್ ಇರುವಾಗಲೇ ಪ್ಯಾಡನ್ನು ಪೇಂಟ್ ಮೇಲಿಟ್ಟು, ಒಂದನೆಯ ವೇಗದಲ್ಲಿ ಹರಡಿ, ನಾಲ್ಕು ಅಥವಾ ಐದಕ್ಕೆ ಏರಿಸಿ. ಕೈ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಸರಿದರೆ ಸಾಕು, ಹೊಸಬರೆಲ್ಲ ಇದರ ನಾಲ್ಕರಷ್ಟು ವೇಗದಲ್ಲಿ ಓಡಿಸುತ್ತಾರೆ, ಏನೂ ಆಗುತ್ತಿಲ್ಲ ಎಂದು ಒತ್ತಡ ಹೆಚ್ಚಿಸುತ್ತಾರೆ. ಒಂದು ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೀಗೆ ನಾಲ್ಕರಿಂದ ಆರು ಸುತ್ತು.

ಬ್ಯಾಕಿಂಗ್ ಪ್ಲೇಟಿನ ಬದಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಡಿಎ ಯಂತ್ರ ಅದುರುತ್ತ ತಿರುಗಬೇಕು. ಒತ್ತಡ ಹೆಚ್ಚಾದರೆ ಅಥವಾ ಪ್ಯಾಡ್ ಓರೆಯಾದರೆ ತಿರುಗುವುದು ನಿಂತು ಬರೀ ಅದುರುತ್ತದೆ, ಗೆರೆ ನಿಂತದ್ದು ಕಣ್ಣಿಗೆ ಕಾಣುತ್ತದೆ. ಪ್ಯಾಡ್ ತಿರುಗದೆ ಕೆಲಸವಿಲ್ಲ. ಬಾಗಿಲ ಹಿಡಿಯ ಸುತ್ತ, ಉಬ್ಬು ಗೆರೆಗಳ ಮೇಲೆ ಇದು ಪದೇ ಪದೇ ಆಗುತ್ತದೆ. ಅಲ್ಲಿ ಮೂರು ಇಂಚಿನ ಸಣ್ಣ ಪ್ಯಾಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೈಯಲ್ಲೇ ಮಾಡಿ.

ಒಂದೊಂದು ಚೌಕ ಮುಗಿದಾಗಲೂ ಪ್ಯಾಡನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ. ಸವೆದ ಪೇಂಟಿನ ಪುಡಿ ಪಾಲಿಷ್ ಜೊತೆ ಸೇರಿ ಗಂಟಾಗಿ ಹೊಸ ಗೀರು ಹಾಕುತ್ತದೆ. ಬಿಳಿ ಪುಡಿ ಹಾರತೊಡಗಿದರೆ ಪಾಲಿಷ್ ಒಣಗಿದೆ, ಜಾರುಜಾರಾಗಿ ಜಿಡ್ಡು ಉಳಿದರೆ ಹೆಚ್ಚು ಹಾಕಿದ್ದೀರಿ. ಆಗಾಗ ಕೈಯಿಟ್ಟು ನೋಡಿ, ಬೆಚ್ಚಗಿರಬಹುದು, ಬಿಸಿ ಹತ್ತಬಾರದು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಶಾಖ ಅಲ್ಲೇ ನಿಲ್ಲುತ್ತದೆ, ಪೇಂಟ್ ಮೆತ್ತಗಾಗಿ ಎಳೆದುಕೊಂಡು ಬಂದ ಉದಾಹರಣೆಗಳೆಲ್ಲ ಹೆಚ್ಚಾಗಿ ಬಂಪರಿನವೇ. ಕಾಂಪೌಂಡ್ ಬಳಸಿದ್ದರೆ ಕಪ್ಪು ಪೇಂಟ್ ಮೇಲೆ ಮಂಜು ಕವಿದಂಥ ಮಸುಕು ಉಳಿಯುತ್ತದೆ. ಅದನ್ನು ಮೆತ್ತನೆ ಪ್ಯಾಡ್, ನಯ ಪಾಲಿಷ್‌ನ ಇನ್ನೊಂದು ಸುತ್ತಿನಿಂದ ತೆಗೆಯದೆ ಮುಂದೆ ಹೋಗಬೇಡಿ. ಪ್ಯಾಡ್ ಮೇಲೆ ಕಾರಿನ ಬಣ್ಣವೇ ಬಂತೆಂದರೆ ತಕ್ಷಣ ನಿಲ್ಲಿಸಿ: ಆ ಭಾಗಕ್ಕೆ ಕ್ಲಿಯರ್ ಕೋಟ್ ಇಲ್ಲದ ಪೇಂಟ್ ಹೊಡೆದಿರಬೇಕು, ಇಲ್ಲವೇ ಕ್ಲಿಯರ್ ಕೋಟ್ ತೂತಾಗಿರಬೇಕು. ಮ್ಯಾಟ್ ಪೇಂಟ್ ಇರುವವರು ಈ ಭಾಗವನ್ನೇ ಹಾರಿಸಿಬಿಡಿ, ಉಜ್ಜಿದರೆ ಅಲ್ಲಲ್ಲಿ ಹೊಳಪು ಮೂಡಿ ಕೆಟ್ಟುಹೋಗುತ್ತದೆ.

ಜಿಡ್ಡು ತೆಗೆಯುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿಯೇ, ಕೋಟಿಂಗ್ ಹೆಚ್ಚಾಗಿ ಕೈಕೊಡುವುದೂ ಇಲ್ಲಿಯ ತಪ್ಪಿನಿಂದಲೇ. ಪಾಲಿಷ್ ಮುಗಿದ ಪೇಂಟ್ ಕನ್ನಡಿಯಂತಿರುತ್ತದೆ, ಆ ಹೊಳಪಿನಲ್ಲಿ ಒಂದಷ್ಟು ಪಾಲು ಎಣ್ಣೆಯದು.

ಮೊದಲು ಇನ್ನೊಮ್ಮೆ ಸಾದಾ ಶಾಂಪೂವಿನಲ್ಲಿ ತೊಳೆಯಿರಿ. ಸಂದಿಗೊಂದಿಗಳಲ್ಲಿ ಪಾಲಿಷ್ ಪುಡಿ ಕೂತಿರುತ್ತದೆ. ನೇರ ಐಪಿಎಗೆ ಹೋದರೆ ಅದೇ ಪುಡಿಯನ್ನು ಈಗಷ್ಟೇ ಪಾಲಿಷ್ ಮಾಡಿದ ಪೇಂಟ್ ಮೇಲೆ ಎಳೆದಾಡುತ್ತೀರಿ. ಟೇಪ್ ಎಲ್ಲ ಕಿತ್ತು, ಅದರ ಅಂಟೂ ಹೋಗುವಂತೆ ಒರೆಸಿ. ಬ್ಲೋವರ್‌ನಿಂದ ಕನ್ನಡಿ, ಹಿಡಿ, ದೀಪ, ನಂಬರ್ ಪ್ಲೇಟುಗಳ ಹಿಂದಿನ ನೀರು ಹೊರಡಿಸಿ. ಲೇಪನ ಹಚ್ಚಿದ ಹತ್ತು ನಿಮಿಷಕ್ಕೆ ಕನ್ನಡಿಯ ಕೆಳಗಿನಿಂದ ಒಂದು ಹನಿ ಇಳಿದು ಬಾಗಿಲುದ್ದ ಗೆರೆ ಎಳೆದರೆ ಅಳುವಂತಾಗುತ್ತದೆ.

ಐಪಿಎ ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ಲೀಟರ್ ದ್ರಾವಣಕ್ಕೆ 99 ಪರ್ಸೆಂಟಿನ ಐಪಿಎ 200 ಮಿ.ಲೀ., ಬಟ್ಟಿ ಇಳಿಸಿದ ನೀರು 800 ಮಿ.ಲೀ. ಇದು ಸುಮಾರು 20 ಪರ್ಸೆಂಟ್ ಆಯಿತು. ಸಿಕ್ಕಿದ್ದು 70 ಪರ್ಸೆಂಟಿನದಾದರೆ 285 ಮಿ.ಲೀ.ಗೆ 715 ಮಿ.ಲೀ. ನೀರು. ನಲ್ಲಿನೀರು ಬೇಡ, ಲವಣದ ಗುರುತು ಬಿಡುತ್ತದೆ. ಗಾಢವಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಗಾಢ ಐಪಿಎ ಎಣ್ಣೆಯನ್ನು ಕರಗಿಸುವ ಮೊದಲೇ ಆರಿಹೋಗುತ್ತದೆ, ಬಟ್ಟೆ ಜಾರದೆ ಕಪ್ಪು ಪೇಂಟ್ ಮೇಲೆ ಮತ್ತೆ ಗೆರೆ ಬೀಳುತ್ತವೆ, ಮೆತ್ತನೆಯ ಪೇಂಟನ್ನು ತುಸು ಉಬ್ಬಿಸಲೂಬಹುದು. ತಯಾರಾಗಿಯೇ ಸಿಗುವ ಪ್ಯಾನೆಲ್ ವೈಪ್ ದ್ರಾವಣಗಳಲ್ಲಿ ಎಣ್ಣೆ ಎಬ್ಬಿಸುವ ಬೇರೆ ದ್ರಾವಕಗಳೂ ಜಾರುವ ಗುಣವೂ ಇರುತ್ತವೆ. ಎಣ್ಣೆಯಂಶ ಹೆಚ್ಚಿರುವ ಪಾಲಿಷ್ ಬಳಸಿದ್ದರೆ, ಅದರಲ್ಲೂ ಕಪ್ಪು ಕಾರಿಗೆ, ನನ್ನ ಮತ ಅದಕ್ಕೇ. ಪೆಟ್ರೋಲ್, ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ. ಐಪಿಎಯೂ ಬೇಗ ಬೆಂಕಿ ಹಿಡಿಯುವ ವಸ್ತು, ಬೀಡಿ ಸಿಗರೇಟು ದೂರವಿರಲಿ.

300ರಿಂದ 400 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಗಿಡ್ಡ ನೂಲಿನ ಮೈಕ್ರೋಫೈಬರ್ ಬಟ್ಟೆ ಹತ್ತು ಹನ್ನೆರಡಾದರೂ ಬೇಕು. ಹೊಸ ಬಟ್ಟೆಯನ್ನೂ ಒಮ್ಮೆ ಒಗೆದೇ ಬಳಸಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬಟ್ಟೆಯೇ ಜಿಡ್ಡು ಬಿಡುತ್ತದೆ. ಅರ್ಧ ಬಾನೆಟ್‌ಗೆ ಧಾರಾಳ ಸಿಂಪಡಿಸಿ, ಕೆಲವು ಸೆಕೆಂಡ್ ಬಿಟ್ಟು, ಒಂದು ಬಟ್ಟೆಯಲ್ಲಿ ಒದ್ದೆಯಾಗಿರುವಾಗಲೇ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮುಗಿಸಿ. ನಾಲ್ಕಾಗಿ ಮಡಚಿದರೆ ಎಂಟು ಮುಖ ಸಿಗುತ್ತವೆ, ಎರಡು ಒರೆತಕ್ಕೊಂದು ಮುಖ ಬದಲಿಸಿ. ಒಂದೇ ಮುಖದಲ್ಲಿ ಇಡೀ ಕಾರು ಒರೆಸಿದರೆ ಎಣ್ಣೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಇಡೀ ಕಾರು ಒಂದು ಸಲ ಹೀಗೆ, ಆಮೇಲೆ ಲೇಪನ ಹಚ್ಚುವಾಗ ಆಯಾ ಭಾಗಕ್ಕೆ ಇನ್ನೊಮ್ಮೆ.

ಜಿಡ್ಡು ಹೋಯಿತೆ ಎಂದು ತಿಳಿಯಲು ಬಟ್ಟಿ ಇಳಿಸಿದ ನೀರನ್ನು ಸಿಂಪಡಿಸಿ ನೋಡಿ. ನೀರು ಚಪ್ಪಟೆಯಾಗಿ ಹರಡಿ ಸೋಮಾರಿಯಾಗಿ ಕೂತರೆ ಪೇಂಟ್ ಬೆತ್ತಲಾಗಿದೆ. ಬಿಗಿಯಾದ ಗುಂಡು ಮಣಿಗಳಾಗಿ ಓಡಿದರೆ ಮೇಣವೋ ಹಳೆಯ ಸೀಲೆಂಟೋ ಇನ್ನೂ ಇದೆ. ಪರೀಕ್ಷೆ ಮುಗಿದ ಜಾಗವನ್ನು ಮತ್ತೆ ಒಣಗಿಸಿ ಐಪಿಎ ಹಾಕಿ ಒರೆಸಿ. ಇಲ್ಲಿಂದ ಮುಂದೆ ಬರಿಗೈ ತಾಗಿಸಬಾರದು, ನೈಟ್ರೈಲ್ ಗವುಸು ಹಾಕಿಕೊಳ್ಳಿ. ಟಯರ್, ಡ್ಯಾಶ್‌ಬೋರ್ಡ್ ಹೊಳಪಿನ ಸಿಲಿಕೋನ್ ಸ್ಪ್ರೇಗಳನ್ನು ಆ ಎರಡು ದಿನ ಹತ್ತಿರದಲ್ಲೆಲ್ಲೂ ಹೊಡೆಯಬೇಡಿ. ಗಾಳಿಯಲ್ಲಿ ತೇಲಿಬಂದು ಪೇಂಟ್ ಮೇಲೆ ಕೂತರೆ ಲೇಪನ ಅಲ್ಲಿ ಚುಕ್ಕೆಚುಕ್ಕೆಯಾಗಿ ಹಿಮ್ಮೆಟ್ಟುತ್ತದೆ.

ಹಚ್ಚುವ ಹೊತ್ತು

ನೆರಳಿರುವ, ಗಾಳಿ ಬೀಸದ ಜಾಗ ಬೇಕು. ಉಷ್ಣತೆ 15ರಿಂದ 25 ಡಿಗ್ರಿ, ಗಾಳಿಯ ತೇವ 40ರಿಂದ 60 ಪರ್ಸೆಂಟ್ ಇದ್ದರೆ ಹೆಚ್ಚಿನ ಉತ್ಪನ್ನಗಳು ಹೇಳಿದ ಮಾತು ಕೇಳುತ್ತವೆ. ನಿಮ್ಮ ಬಾಟಲಿಯ ಮೇಲೆ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಬಿಸಿ, ತೇವ ಹೆಚ್ಚಾದರೆ ಒರೆಸುವ ಮೊದಲೇ ಬಿಗಿದುಕೊಳ್ಳುತ್ತದೆ. ಹಾಗಿದ್ದಾಗ ಚೌಕವನ್ನು 50 ಸೆಂ.ಮೀ.ನಿಂದ 30ಕ್ಕೆ ಇಳಿಸಿ. ಧೂಳು ಏಳದಿರಲಿ ಎಂದು ನೆಲಕ್ಕೆ ನೀರು ಚಿಮುಕಿಸುವವರಿದ್ದಾರೆ, ಅದರಿಂದ ತೇವವೂ ಏರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಬಟ್ಟೆ ಸುತ್ತಿದ ಬ್ಲಾಕ್‌ಗೆ ಮೊದಲ ಸಲ ಹತ್ತು ಹನಿ, ಆಮೇಲೆ ಪ್ರತಿ ಚೌಕಕ್ಕೆ ಐದಾರು. ಉದ್ದಕ್ಕೆ, ಅಡ್ಡಕ್ಕೆ ಸವರಿ ಕಾಯಿರಿ. ಕಾಮನಬಿಲ್ಲಿನ ಬಣ್ಣ ಮೂಡಿ ಸಣ್ಣ ಹನಿಗಳಾಗಿ ಬೆವರತೊಡಗಿದಾಗ ಒಂದು ಬಟ್ಟೆಯಲ್ಲಿ ಒರೆಸಿ, ಎರಡನೆಯದರಲ್ಲಿ ಮಟ್ಟ ಮಾಡಿ, ಟಾರ್ಚ್ ಹಾಕಿ ಓರೆಯಿಂದ ನೋಡಿ. ಕಪ್ಪು ಮಚ್ಚೆ ಅಥವಾ ಎಣ್ಣೆ ಪಸೆಯಂಥ ಪಟ್ಟಿ ಕಂಡರೆ ಅದು ಒರೆಸದೆ ಉಳಿದ ಹೆಚ್ಚುವರಿ. ತಕ್ಷಣವಾದರೆ ಅದರ ಮೇಲೆ ಇನ್ನೆರಡು ಹನಿ ಲೇಪನ ಸವರಿದರೆ ಮೆತ್ತಗಾಗಿ ಒರೆಸಲು ಬರುತ್ತದೆ, ಮರುದಿನ ನೋಡಿದರೆ ಪಾಲಿಷ್ ಮಾಡಿಯೇ ತೆಗೆಯಬೇಕು. ಬಳಸಿದ ಬಟ್ಟೆಗಳನ್ನು ಒಗೆದು ಮತ್ತೆ ಉಪಯೋಗಿಸಬೇಡಿ, ಒಣಗಿದ ಲೇಪನ ನೂಲಿನಲ್ಲಿ ಗಾಜಿನ ಚೂರಿನಂತಾಗಿರುತ್ತದೆ.

ಮೊದಲ 24 ಗಂಟೆ ಮಳೆ, ಇಬ್ಬನಿ ತಾಗದಂತೆ ನಿಲ್ಲಿಸಿ. ಒಂದು ವಾರ ಶಾಂಪೂ ಬೇಡ. ಈ ನಡುವೆ ನೀರಿನ ಹನಿ ಬಿದ್ದರೆ ಒಣಗಲು ಬಿಡದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಿರಿ. ಡಬ್ಬಿಯ ಮೇಲಿನ ‘9ಎಚ್’ ನೋಡಿ ಇನ್ನು ಗೀರೇ ಬೀಳದು ಎಂದುಕೊಳ್ಳಬೇಡಿ, ಅದು ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ. ಒಂದೇ ಬಕೆಟ್ಟಿನ ಮರಳುನೀರು ಮತ್ತೆ ಅದೇ ಬಲೆ ನೇಯುತ್ತದೆ.

ಬಾಗಿಲಿನ ಸರದಿ ಎರಡು ತಿಂಗಳಾದ ಮೇಲೆ ಬರುತ್ತದೆ. ಈಗ ತೆರೆದ ಬಾಟಲಿಯ ಉಳಿಕೆಯನ್ನು ಅದಕ್ಕೆಂದು ಎತ್ತಿಡಬೇಡಿ. ಒಳಗೆ ಸೇರಿದ ಗಾಳಿಯ ತೇವಕ್ಕೆ ಅಷ್ಟರಲ್ಲಿ ಹರಳುಗಟ್ಟಿರುತ್ತದೆ, ಆ ಹರಳು ಹೊಸ ಪೇಂಟ್ ಗೀಚುತ್ತದೆ. ಅದೇ ಉತ್ಪನ್ನದ ಚಿಕ್ಕ ಬಾಟಲಿ ತನ್ನಿ. ತೊಳೆದು, ಚೀಲದ ಪರೀಕ್ಷೆಯಲ್ಲಿ ತರಿ ಸಿಕ್ಕರೆ ಮಾತ್ರ ಕ್ಲೇ, ಕ್ಲೇ ಮಾಡಿದ್ದರೆ ಮೆತ್ತನೆ ಪ್ಯಾಡಿನ ಒಂದು ಸುತ್ತು, ಎರಡು ಸಲ ಐಪಿಎ, ಆಮೇಲೆ ಲೇಪನ. ಸಂದಿಯಾಚೆಯ ಭಾಗಕ್ಕೆ ಬಟ್ಟೆ ತಾಗಿ ಎರಡನೇ ಪದರ ಬಿದ್ದರೆ ಗಾಬರಿ ಬೇಡ, ಒಣಗುವ ಮೊದಲು ಒರೆಸಿಬಿಟ್ಟರೆ ಗುರುತೂ ಉಳಿಯುವುದಿಲ್ಲ.